ಹಮ್ರಿಯಾದ ಕೋಣೆಗೊಂದು ಡಿಮ್ಮರ್

ಕುರುಮಿನ ವಿಲ್ಲಾದ ಒಡತಿಗೆ ಬಿಳಿ ಗುಂಡಿ ಹಿಡಿಸಲಿಲ್ಲ.
ಮಜ್ಲಿಸಿನ ಪರದೆಗೆ ಹೊಂದುವ ಚಿನ್ನದ ಬಣ್ಣದ್ದೇ ಬೇಕು.
ಬಿಚ್ಚಿದ್ದನ್ನು ಏನು ಮಾಡಲಿ ಅಂದೆ.
ಕೈ ಬೀಸಿದಳು, ಒಯ್ಯಿ ಅಂತಲೋ, ಎಸೆ ಅಂತಲೋ.
ನಾನು ಒಯ್ಯಿ ಅಂತ ಓದಿಕೊಂಡೆ.
ಊಟದ ಡಬ್ಬಿಯಲ್ಲಿ, ಬಂಗುಡೆಯ ಮುಳ್ಳಿನ ಪಕ್ಕ,
ಬೆಳಕು ತಗ್ಗಿಸುವ ಯಂತ್ರ ರೂವಿಯ ಬಸ್ಸು ಹತ್ತಿತು.

ನಮ್ಮ ಕೋಣೆಗೆ ನಾಲ್ಕು ಮಂಚ, ಒಂದೇ ಬಲ್ಬು.
ಗ್ರೇಶನ್ ಹೋಟೆಲಿನಿಂದ ಬರುವುದು ಹನ್ನೆರಡೂವರೆಗೆ,
ಇದಿನಬ್ಬ ಬೇಕರಿಗೆ ಏಳುವುದು ಎರಡಕ್ಕೆ,
ಭೋಜಣ್ಣನಿಗೆ ಐದಕ್ಕೆ ಕಂಪನಿಯ ವ್ಯಾನು,
ನನಗೆ ಆರಕ್ಕೆ.
ಒಬ್ಬನ ಬೆಳಗು ಉಳಿದವರ ಕಣ್ಣಿಗೆ ಹೊಡೆಯದ
ಒಂದು ರಾತ್ರಿಯೂ ಇರಲಿಲ್ಲ.
ಟಪ್ ಎಂದರೆ ಮಧ್ಯಾಹ್ನ. ಟಪ್ ಎಂದರೆ ಬಾವಿ.
ನಡುವೆ ಬೈಗುಳ ಮಾತ್ರ,
ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ;
ಜಗಳ ದೊಡ್ಡದಾದರೆ
ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ.

ಶುಕ್ರವಾರ ಕಾರಿಡಾರಿನ ಪೆಟ್ಟಿಗೆಯ ಮುಂದೆ ನಿಂತೆ.
ಹೆಸರುಗಳೆಲ್ಲ ಅರಬಿಯಲ್ಲಿ, ಅದೂ ಅರ್ಧ ಅಳಿಸಿದ್ದು.
ಒಂದನ್ನು ಇಳಿಸಿದೆ: ಪಕ್ಕದ ಕೋಣೆಯ ಏಸಿ ಸತ್ತು
ಬಂಗಾಳಿಯಲ್ಲಿ ಗದ್ದಲ ಎದ್ದಿತು.
ಇನ್ನೊಂದು: ಮೆಟ್ಟಿಲು ಕಪ್ಪಾಯಿತು.
ಮೂರನೆಯದು ನಮ್ಮದು.
ಆದರೂ ಟೆಸ್ಟರಿನ ಮೂತಿ ತಾಗಿಸಿದೆ. ಕೆಂಪು ಕಣ್ಣು ತೆರೆಯಲಿಲ್ಲ.
ಪೆಟ್ಟಿಗೆಯನ್ನು ನಂಬು, ಅದಕ್ಕೆ ಹೆಸರು ಬರೆದವನನ್ನು ನಂಬಬೇಡ
ಎನ್ನುತ್ತಿದ್ದ ನನಗೆ ಕೆಲಸ ಕಲಿಸಿದ ವಾಮನ ಆಚಾರಿ.
ಅವನ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

ಎರಡು ಸ್ಕ್ರೂ ಬಿಚ್ಚಿ ಹಳೆಯ ಸ್ವಿಚ್ಚನ್ನು ಮುಂದಕ್ಕೆಳೆದೆ.
ಹಿಂದೆ ತಗಡಿನ ಡಬ್ಬಿಯಲ್ಲಿ
ಗಾರೆಯ ಪುಡಿ, ಜಿರಳೆಯ ಒಂದು ಕಾಲು,
ಎರಡು ಕೆಂಪು ತಂತಿ, ಬರುವುದೊಂದು, ಹೋಗುವುದೊಂದು.
ಹಸಿರು-ಹಳದಿಯದ್ದನ್ನು ಮಾತ್ರ ಯಾರೋ ಕತ್ತರಿಸಿ
ಒಳಗೇ ಮಡಚಿ ಬಿಟ್ಟಿದ್ದರು.
'ಇದಕ್ಕೆ ಅರ್ಥೇ ಇಲ್ಲ ಮಾರಾಯ' ಅಂದೆ.
ಟಾರ್ಚು ಹಿಡಿದಿದ್ದ ಭೋಜಣ್ಣ, ಹದಿನೆಂಟು ವರ್ಷದಿಂದ ಇದೇ ಮಂಚದವನು,
'ಅದು ನನಗೆ ಬಂದ ವರ್ಷವೇ ಗೊತ್ತಾಗಿದೆ' ಅಂದ.
ನಕ್ಕೆವು. ಗೋಡೆಯ ಮೇಲೆ ಬೆಳಕು ಕುಣಿಯಿತು.
ಮಡಚಿದ ತಂತಿ ಎಳೆದು, ತುದಿ ಸುಲಿದು, ತಗಡಿಗೆ ಬಿಗಿದು
ಮೀಟರು ಹಚ್ಚಿ ನೋಡಿದೆ.
ಮಣ್ಣು ಸಿಕ್ಕಿತು,
ನಾಲ್ಕು ಮಹಡಿ ಕೆಳಗೆ ಎಲ್ಲೋ.

ಹಳೆಯ ಬಲ್ಬಿಗೆ ತಗ್ಗುವುದು ಗೊತ್ತಿರಲಿಲ್ಲ,
ಕಣ್ಣಿಗೆ ಧೂಳು ಬಿದ್ದವರಂತೆ ಪಟಪಟಿಸಿತು.
ತಗ್ಗುವಂಥದ್ದಕ್ಕೆ ಒಂದು ರಿಯಾಲ್ ಎಂಟುನೂರು ಬೈಸೆ.
ತಲೆಗೆ ನಾನೂರೈವತ್ತು.
ಇದಿನಬ್ಬ ತನ್ನ ಪಾಲಿಗೆ ನಿನ್ನೆಯ ಬನ್ನು ಕೊಟ್ಟ.
ನಾಲ್ವರೂ ಗುಂಡಿಯ ಸುತ್ತ ನಿಂತೆವು, ಮಗುವಿಗೆ ಹೆಸರಿಡುವವರ ಹಾಗೆ.
ವಿಲ್ಲಾದ ಒಡತಿ ಹೇಳಿದ್ದಳು, ಶ್ವೈಯ ಶ್ವೈಯ.
ಹಾಗೇ ತಿರುಗಿಸಿದೆ.
ಮಧ್ಯಾಹ್ನ ಸಂಜೆಯಾಯಿತು,
ಸಂಜೆ ಗೋಡೆಗೊರಗಿ ಕೂತಿತು.

ಕಳೆದುಕೊಂಡದ್ದೇನೆಂದು ಗೊತ್ತಾದದ್ದು ರಾತ್ರಿ.
ಕತ್ತಲಿದ್ದಾಗ ನಾಲ್ವರಿಗೂ ನಾಲ್ಕು ಕೋಣೆಗಳಿದ್ದವು.
ಈಗ ಗ್ರೇಶನ್, ಶರ್ಟೂ ಬಿಚ್ಚದೆ,
ಒಂದೇ ಕಿವಿಗೆ ವಯರು ಸಿಕ್ಕಿಸಿಕೊಂಡು
ಯಾರದೋ ಒಂದೇ ಮಾತನ್ನು ಒತ್ತಿ ಒತ್ತಿ ಕೇಳುವುದು ಕಂಡಿತು.
ಮೂಗು ಒರೆಸಿಕೊಂಡದ್ದೂ.
ಅವನಿಗೆ ನಾನೂ ಕಂಡೆ.
ಇಬ್ಬರೂ ಗೋಡೆಗೆ ಹೊರಳಿದೆವು.
ಸ್ವಲ್ಪ ಹೊತ್ತಿಗೆ ಅವನೇ ಎದ್ದು
ಗುಂಡಿಯನ್ನು ಕೊನೆಗೆ ತಿರುಗಿಸಿ ಟಪ್ ಎನಿಸಿದ.
ಅದಕ್ಕೆ ನನ್ನ ಚೀಲದಲ್ಲಿ ಯಾವ ಸಾಮಾನೂ ಇಲ್ಲ.

ಎರಡಕ್ಕೆ ಇದಿನಬ್ಬ ಎದ್ದ.
ಕೂದಲೆಳೆಯಷ್ಟು ತಿರುಗಿಸಿದ.
ಬಲ್ಬು ಉರಿಯಿತು ಅನ್ನುವುದಕ್ಕಿಂತ ಗುಂಯ್ ಎಂದಿತು.
ಚಪ್ಪಲಿ ಸಿಕ್ಕಿತು, ಟೊಪ್ಪಿ ಸಿಕ್ಕಿತು,
ಆದರೂ ಹೋಗಲಿಲ್ಲ.
ಬಾಗಿಲ ಬಳಿ ನಿಂತು ಒಂದೊಂದೇ ಮಂಚ ನೋಡಿದ,
ಒದ್ದೆ ಬಟ್ಟೆ ಸರಿಸಿ ಹಿಟ್ಟು ಎಷ್ಟು ಬಂದಿದೆ ಎಂದು
ದಿನಾ ನೋಡುತ್ತಾನಲ್ಲ, ಹಾಗೆ.
ನಾನು ಉಸಿರು ತುಂಬಿಕೊಂಡು
ಚೆನ್ನಾಗಿ ಉಬ್ಬಿದವನಂತೆ ಬಿದ್ದುಕೊಂಡೆ.